ಕೇಳಿದ್ದಕ್ಕೆ ಮಾತ್ರ ಉತ್ತರ

ಸಂಸದರು ವಿದೇಶಾಂಗ ಸಚಿವಾಲಯಕ್ಕೆ ಹಾಕೋ ಪ್ರಶ್ನೆಗಳಿಗೆ ಉತ್ತರ ಸಿಗೂದು ಲೋಕಸಭೇಲಿ ಶುಕ್ರವಾರ, ರಾಜ್ಯಸಭೇಲಿ ಗುರುವಾರ. ಅಧಿವೇಶನ ನಡೀತಾ ಇದ್ರೆ ಆ ದಿನದ ಉತ್ತರಗಳು ಸಚಿವಾಲಯದ ವೆಬ್‌ಸೈಟಿಗೆ ಬಂದು ಬೀಳ್ತವೆ, ನಾನು ಅಂಗಡೀಲಿ ಗಿರಾಕಿ ಕಮ್ಮಿ ಇದ್ದಾಗ ಒಂದೊಂದೇ ತೆಗ್ದು ಓದ್ತೇನೆ. ಇದೆಂತ ಹುಚ್ಚು ಮಾರಾಯ ಅಂತ ದೋಸ್ತರು ನಗ್ತಾರೆ, ನಗ್ಲಿ. ಕಾರವಾರದಲ್ಲಿ ಝೆರಾಕ್ಸು, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫಾರ್ಮು ತುಂಬಿ ಕೊಡೋ ಕೆಲ್ಸದ ಮೇಲೆ ಮನೆ ನಡೆಸುವವನಿಗೆ ಕ್ರಿಕೆಟ್ ಸ್ಕೋರಿಗಿಂತ ಇದು ಉಪಯೋಗಕ್ಕೆ ಬರ್ತದೆ.

ನಮ್ಮ ಜಿಲ್ಲೆಗೆ ವಿದೇಶಾಂಗ ವ್ಯವಹಾರ ದೂರದ ವಿಷಯ ಅಂತ ಯಾರಾದ್ರೂ ಹೇಳಿದ್ರೆ ಅವ್ರನ್ನ ಒಂದು ದಿನ ನನ್ನ ಕೌಂಟರ್ ಹಿಂದೆ ಕೂರಿಸ್ಬೇಕು. ಭಟ್ಕಳದ ಮನೆ ಮನೇಲಿ ದುಬೈ, ಸೌದಿ. ಕುಮಟಾ ಹೊನ್ನಾವರ ಬದಿಯ ಹುಡುಗ್ರು ಗಲ್ಫ್‌ನ ಬೋಟಿಗೆ ಮೀನು ಹಿಡೀಲಿಕ್ಕೆ ಹೋಗ್ತಾರೆ, ಕಾರವಾರ ಅಂಕೋಲಾದ ಹುಡುಗ್ರು ದೊಡ್ಡ ಹಡಗಿಗೆ ಹೋಗ್ತಾರೆ, ಘಟ್ಟದ ಮೇಲೆ ಸಿರ್ಸಿ ಸಿದ್ದಾಪುರದಲ್ಲಿ ಅಡಿಕೆ ತೋಟದ ಮನೇಲಿ ಅಪ್ಪ ಅಮ್ಮ ಇಬ್ರೇ, ಮಗ ಸೊಸೆ ಅಮೆರಿಕದಲ್ಲಿ, ವರ್ಷಕ್ಕೊಮ್ಮೆ ವೀಸಾದ್ದೇ ತಲೆಬಿಸಿ. ಇವ್ರೆಲ್ಲರ ಕಾಗದ ಪತ್ರ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡಾಗ ದೆಹಲೀಲಿ ಯಾರೋ ಒಬ್ಬ ಮಂತ್ರಿ ಎದ್ದು ನಿಂತು ಹೇಳೋ ಎರಡು ವಾಕ್ಯಕ್ಕೆ ಇಲ್ಲಿ ಬೆಲೆ ಬರ್ತದೆ. 2018ರಲ್ಲಿ ದುಬೈ ಬದಿಯ ಬೋಟುಗಳಲ್ಲಿ ಕೆಲ್ಸಕ್ಕಿದ್ದ ನಮ್ಮ ಜಿಲ್ಲೆಯ ಮೀನುಗಾರರನ್ನ ಗಡಿ ದಾಟಿದ್ರು ಅಂತ ಇರಾನ್‌ನವ್ರು ಹಿಡಿದಿಟ್ಟಿದ್ರಲ್ಲ, ತಿಂಗಳುಗಟ್ಟಲೆ ಮನೆಯವ್ರು ಡಿಸಿ ಆಫೀಸು, ಎಂಪಿ, ಪೇಪರ್‌ನವ್ರು ಅಂತ ತಿರುಗಿದ್ದನ್ನ ಕರಾವಳಿಯವ್ರು ಯಾರೂ ಮರೆತಿರ್ಲಿಕ್ಕಿಲ್ಲ.

ಆವಾಗಿನ ಒಂದು ಸಂಗತಿ ಯಾರೂ ಹೆಚ್ಚು ಮಾತಾಡ್ಲಿಲ್ಲ. ನಮ್ಮ ಎಂಪಿ ಅನಂತಕುಮಾರ ಹೆಗಡೆಯವ್ರು ಆಗ ಕೇಂದ್ರದಲ್ಲಿ ರಾಜ್ಯ ಸಚಿವರು, 2017ರಿಂದ 2019ರ ತನಕ, ಕೌಶಲ್ಯಾಭಿವೃದ್ಧಿ ಖಾತೆ. ಮಂತ್ರಿ ಆದವ್ರು ಸದನದಲ್ಲಿ ಪ್ರಶ್ನೆ ಕೇಳೂದಿಲ್ಲ, ಉತ್ತರ ಹೇಳೂದು ಅವ್ರ ಕೆಲ್ಸ. ಅಂದ್ರೆ ನಮ್ಮೂರ ಹುಡುಗ್ರು ಪರದೇಶದಲ್ಲಿ ಸಿಕ್ಕಿಬಿದ್ದ ಹೊತ್ತಿಗೆ ಲೋಕಸಭೇಲಿ ನಮ್ಮ ಕ್ಷೇತ್ರದ ಸೀಟಿನಿಂದ ಒಂದು ಪ್ರಶ್ನೆ ಹಾಕ್ಲಿಕ್ಕೇ ಜನ ಇರ್ಲಿಲ್ಲ, ಬೇರೆ ಕ್ಷೇತ್ರದವ್ರು ಕೇಳ್ಬೇಕಿತ್ತು. ಮಂತ್ರಿ ಆಗಿದ್ರೆ ನೇರ ಫೋನ್ ಮಾಡಿ ಕೆಲ್ಸ ಮಾಡಿಸ್ಬಹುದು ಅಂತ ನೀವು ಹೇಳ್ಬಹುದು, ಖರೆ, ಆದ್ರೆ ಫೋನಿನಲ್ಲಿ ಎಂತ ಮಾತಾಯ್ತು ಅಂತ ಮನೆಯವ್ರಿಗೆ ಓದ್ಲಿಕ್ಕೆ ಸಿಗೂದಿಲ್ಲ, ಸದನದಲ್ಲಿ ಕೊಟ್ಟ ಉತ್ತರ ಸಿಗ್ತದೆ, ಇಪ್ಪತ್ತು ವರ್ಷ ಬಿಟ್ಟು ನೋಡಿದ್ರೂ ಸಿಗ್ತದೆ.

ಈ ಪ್ರಶ್ನೆ ಉತ್ತರದ ವ್ಯವಸ್ಥೆ ಹೇಗೆ ಅಂತ ಸ್ವಲ್ಪ ಹೇಳ್ತೇನೆ, ಗೊತ್ತಿದ್ದವ್ರು ಹಾರಿಸಿ. ಲೋಕಸಭೇಲಿ ಬೆಳಿಗ್ಗೆ ಹನ್ನೊಂದಕ್ಕೆ ಪ್ರಶ್ನೋತ್ತರ ಅವಧಿ ಶುರು, ರಾಜ್ಯಸಭೇಲಿ 2014ರಿಂದ ಮಧ್ಯಾಹ್ನ ಹನ್ನೆರಡಕ್ಕೆ. ಪ್ರಶ್ನೇಲಿ ಎರಡು ಜಾತಿ, ನಕ್ಷತ್ರದ ಗುರ್ತು ಇದ್ದದ್ದು ಮತ್ತೆ ಇಲ್ಲದ್ದು. ಗುರ್ತು ಇದ್ರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳ್ಬೇಕು, ಕೇಳಿದವ್ರು ಅದ್ರ ಮೇಲೆ ಉಪಪ್ರಶ್ನೆ ಹಾಕ್ಬಹುದು. ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಲೋಕಸಭೇಲಿ ದಿನಕ್ಕೆ 20 ಗುರ್ತಿನವು, 230 ಗುರ್ತಿಲ್ಲದವು, ರಾಜ್ಯಸಭೇಲಿ 15 ಮತ್ತೆ 160. ಸದಸ್ಯರು ಕಡಿಮೆ ಅಂದ್ರೂ ಹದಿನೈದು ದಿನ ಮುಂಚೆ ನೋಟಿಸ್ ಕೊಡ್ಬೇಕು, ರಾಶಿ ನೋಟಿಸ್ ಬರ್ತವೆ, ಅದ್ಕೆ ಚೀಟಿ ಎತ್ತಿ ಯಾರ್ದು ಮೊದಲು ಅಂತ ನೋಡ್ತಾರೆ. ಇಷ್ಟೆಲ್ಲ ಆಗಿ ಇಪ್ಪತ್ತರಲ್ಲಿ ನಿಜವಾಗಿ ಬಾಯಲ್ಲಿ ಉತ್ತರ ಸಿಗೂದು ಬೆರಳೆಣಿಕೆಯವಕ್ಕೆ, 2019ರ ನವೆಂಬರಿನಲ್ಲಿ ಒಂದು ದಿನ ಇಪ್ಪತ್ತೂ ಮುಗಿದದ್ದೇ ದೊಡ್ಡ ಸುದ್ದಿ ಆಗಿತ್ತು. ಬಾಕಿ ದಿನ ಯಾರಾದ್ರೂ ಬೋರ್ಡು ಹಿಡ್ಕೊಂಡು ಸ್ಪೀಕರ್ ಎದುರಿಗೆ ಇಳೀತಾರೆ, ಗಲಾಟೆ, ಹನ್ನೆರಡು ಗಂಟೆಗೆ ಮುಂದೂಡಿದ್ರು, ಮುಗೀತು.

ಟೀವೀಲಿ ಕಾಣೂದು ಆ ಗಲಾಟೆ ಮಾತ್ರ. ಆದ್ರೆ ಗಲಾಟೆ ಆದ ದಿನವೂ ಲಿಖಿತ ಉತ್ತರಗಳು ಮೇಜಿನ ಮೇಲೆ ಬಿದ್ದೇ ಬೀಳ್ತವೆ, ಅದೇ ನಂಗೆ ಬೇಕಾದ್ದು. 2020ರ ಸೆಪ್ಟೆಂಬರಿನಲ್ಲಿ ಕೊರೊನಾ ಅಂತ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟಾಗ್ಲೂ ಲಿಖಿತ ಉತ್ತರ ನಿಲ್ಲಿಸ್ಲಿಲ್ಲ.

ಈಗ ಉತ್ತರದ ವಿಷಯ. ಓದ್ತಾ ಓದ್ತಾ ನಂಗೆ ಒಂದು ಅಂದಾಜು ಬಂದಿದೆ, ವಿದೇಶಾಂಗದವ್ರು ಉತ್ತರ ಬರೆಯೋದ್ರಲ್ಲಿ ಎಲ್ಲಾ ಸಚಿವಾಲಯಕ್ಕಿಂತ ಉಸ್ತಾದರು. ಸುಳ್ಳು ಹೇಳೂದಿಲ್ಲ, ಸದನದಲ್ಲಿ ಸುಳ್ಳು ಹೇಳಿದ್ರೆ ಹಕ್ಕುಚ್ಯುತಿ ಆಗ್ತದೆ. ಆದ್ರೆ ಕೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಕೊಡೂದಿಲ್ಲ. ಪ್ರಶ್ನೇಲಿ ಅ, ಆ, ಇ, ಈ ಅಂತ ನಾಲ್ಕು ಭಾಗ ಇದ್ರೆ ಉತ್ತರ ಶುರುವಾಗೂದೇ "ಅ ಇಂದ ಈ ವರೆಗೆ" ಅಂತ ಎಲ್ಲ ಒಟ್ಟು ಸೇರಿಸಿ, ಕೆಳಗೆ ಎರಡು ಪ್ಯಾರಾ, ಅದ್ರಲ್ಲಿ ಸರ್ಕಾರ ಪರದೇಶದಲ್ಲಿರೋ ಭಾರತೀಯರ ಸುರಕ್ಷತೆಗೆ ಅತಿ ಹೆಚ್ಚಿನ ಆದ್ಯತೆ ಕೊಡ್ತದೆ, ನಮ್ಮ ರಾಯಭಾರ ಕಚೇರಿಗಳು ನಿರಂತರ ಸಂಪರ್ಕದಲ್ಲಿವೆ, ಇಷ್ಟು. ನಾಲ್ಕರಲ್ಲಿ ಯಾವುದಕ್ಕೆ ಉತ್ತರ ಬಂತು ಯಾವುದಕ್ಕೆ ಬರ್ಲಿಲ್ಲ ಅಂತ ಹುಡುಕೂದ್ರೊಳಗೆ ಚಾ ತಣ್ಣಗಾಗ್ತದೆ. ಮೊದಲ ಭಾಗಕ್ಕೆ ಇಲ್ಲ ಅಂದ್ರೋ, ಉಳಿದ ಮೂರಕ್ಕೂ "ಪ್ರಶ್ನೆ ಉದ್ಭವಿಸುವುದಿಲ್ಲ". ಇನ್ನೊಂದು ಇದೆ, ಮಾಹಿತಿ ಸಂಗ್ರಹಿಸ್ತಾ ಇದ್ದೇವೆ, ಸದನದ ಮೇಜಿನ ಮೇಲೆ ಇಡ್ತೇವೆ ಅನ್ನೂದು. ಇದು ಕೈ ತೊಳ್ಕೊಳ್ಳೋ ಮಾತು ಅಂತ ಜನ ತಿಳ್ಕೊಳ್ತಾರೆ, ಆದ್ರೆ ಹಾಗೆ ಬರೆದ್ರೆ ಅದು ಲೆಕ್ಕದಲ್ಲಿ ಭರವಸೆ ಆಗ್ತದೆ, ಮೂರು ತಿಂಗಳೊಳಗೆ ಪೂರೈಸ್ಬೇಕು, ಪೂರೈಸಿದ್ರೋ ಇಲ್ವೋ ಅಂತ ನೋಡ್ಲಿಕ್ಕೆ ಲೋಕಸಭೇಲಿ 15 ಸದಸ್ಯರ ಭರವಸೆಗಳ ಸಮಿತಿ 1953ರಿಂದ ಇದೆ. ಹಾಗಾಗಿ ಆ ಸಾಲು ಕಂಡ್ರೆ ನಂಗೆ ಬೇಜಾರಾಗೂದಿಲ್ಲ, ಕೊಕ್ಕೆ ಬಿತ್ತು ಅಂತ್ಲೇ ಲೆಕ್ಕ.

ಅಂಕಿಸಂಖ್ಯೆ ಕೇಳಿದ್ರೆ ಮಾತ್ರ ಚಿನ್ನ ಸಿಗ್ತದೆ. 2025ರ ಮಾರ್ಚ್‌ನಲ್ಲಿ ರಾಜ್ಯಸಭೇಲಿ ಒಬ್ರು ಪರದೇಶದ ಜೈಲುಗಳಲ್ಲಿ ಎಷ್ಟು ಭಾರತೀಯರಿದ್ದಾರೆ ಅಂತ ಕೇಳಿದ್ರು. ಉತ್ತರ, ವಿಚಾರಣಾಧೀನರೂ ಸೇರಿ 10,152. ಸೌದೀಲಿ 2,633, ಯುಎಇಲಿ 2,518, ನೇಪಾಳದಲ್ಲಿ 1,317. ಮರಣದಂಡನೆ ಆಗಿ ಇನ್ನೂ ಜಾರಿ ಆಗದವ್ರು 49 ಜನ, ಅದ್ರಲ್ಲಿ 25 ಯುಎಇದಲ್ಲೇ. ಈ ನಂಬರ್ ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ, ಯಾಕಂದ್ರೆ ನನ್ನ ಅಂಗಡೀಲಿ ಅರ್ಜಿ ತುಂಬಿಸ್ಕೊಂಡು ಹೋಗೂದು ಹೆಚ್ಚಿನವ್ರು ಆ ಎರಡು ದೇಶಕ್ಕೇ. ಅದೇ ಉತ್ತರಗಳಲ್ಲಿ ಯಾವಾಗ್ಲೂ ಇನ್ನೊಂದು ಸಾಲು ಇರ್ತದೆ, ಹಲವು ದೇಶಗಳ ಖಾಸಗಿತನದ ಕಾನೂನು ಬಿಗಿ ಇರೋದ್ರಿಂದ ಕೈದಿ ತಾನೇ ಒಪ್ಪಿಗೆ ಕೊಡದಿದ್ರೆ ಅಲ್ಲಿನವ್ರು ಮಾಹಿತಿ ಹಂಚ್ಕೊಳ್ಳೂದಿಲ್ಲ ಅಂತ. ಇದು ಎಷ್ಟು ಮುಖ್ಯ ಗೊತ್ತುಂಟಾ, ಪರದೇಶದಲ್ಲಿ ಪೊಲೀಸ್ರು ಹಿಡಿದ್ರೆ "ನಮ್ಮ ರಾಯಭಾರ ಕಚೇರಿಗೆ ತಿಳಿಸಿ" ಅಂತ ಹುಡುಗ ಸ್ವತಃ ಬಾಯಿಬಿಟ್ಟು ಹೇಳ್ಬೇಕು, ಮರ್ಯಾದೆ ಹೋಗ್ತದೆ ಅಂತ ಸುಮ್ನಿದ್ರೆ ಇಲ್ಲಿ ಅಪ್ಪ ಅಮ್ಮಂಗೆ ಯಾರೂ ಹೇಳೋರಿಲ್ಲ. ಇದನ್ನ ನಾನು ಈಗ ಫಾರ್ಮ್ ತುಂಬಿದ ಪ್ರತಿ ಹುಡುಗನಿಗೂ ಹೇಳ್ತೇನೆ, ಕಲಿತದ್ದು ಒಂದು ಪಾರ್ಲಿಮೆಂಟ್ ಉತ್ತರದಿಂದ.

ಬರೀ ಜೈಲಿನ ಲೆಕ್ಕ ಅಲ್ಲ. 2022ರಲ್ಲಿ ಭಾರತದ ಪೌರತ್ವ ಬಿಟ್ಟವ್ರು 2,25,620 ಜನ ಅಂತ ಗೊತ್ತಾದದ್ದೂ ಸದನದ ಉತ್ತರದಿಂದ್ಲೇ. 2025ರ ಫೆಬ್ರವರೀಲಿ ಅಮೆರಿಕದ ಮಿಲಿಟರಿ ವಿಮಾನದಲ್ಲಿ 104 ಜನರನ್ನ ಅಮೃತಸರಕ್ಕೆ ತಂದು ಇಳಿಸಿದ್ರಲ್ಲ, ಮಾರನೇ ದಿನ ವಿದೇಶಾಂಗ ಮಂತ್ರಿ ಜೈಶಂಕರ್ ಸದನಕ್ಕೆ ಬಂದು 2009ರಿಂದ ವರ್ಷಕ್ಕೆಷ್ಟು ಜನರನ್ನ ಅಮೆರಿಕ ವಾಪಸ್ ಕಳಿಸಿದೆ ಅನ್ನೋ ಪಟ್ಟಿ ಓದಿದ್ರು, 2009ರಲ್ಲಿ 734, 2019ರಲ್ಲಿ 2,042, ಹೀಗೆ. ಇದು ಹೊಸದೇನಲ್ಲ ಅಂತ ತೋರಿಸ್ಲಿಕ್ಕೆ ಅವ್ರು ಆ ಪಟ್ಟಿ ತಂದದ್ದು, ವಿರೋಧ ಪಕ್ಷದವ್ರ ಸಿಟ್ಟು ಇದ್ದದ್ದು ಅವ್ರನ್ನ ಕೈಕೋಳ ಹಾಕಿ ತಂದದ್ರ ಬಗ್ಗೆ. ಕೋಳ ಹಾಕಿದ್ದು ಯಾಕೆ ಅನ್ನೋ ಪ್ರಶ್ನೆಗೆ ಪಟ್ಟಿ ಉತ್ತರ ಹೇಗಾಗ್ತದೆ ಅಂತ ನಂಗೂ ಅನ್ಸಿತ್ತು.

ಇಲ್ಲೊಂದು ಸೂಕ್ಷ್ಮ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಮಂತ್ರಿ ತಾನಾಗಿ ಎದ್ದು ಹೇಳಿಕೆ ಕೊಡೂದು ಬೇರೆ, ಪ್ರಶ್ನೆಗೆ ಉತ್ತರ ಹೇಳೂದು ಬೇರೆ. ಲೋಕಸಭೆ ನಿಯಮ 372ರಲ್ಲಿ ಸ್ಪಷ್ಟ ಇದೆ, ಮಂತ್ರಿ ಹೇಳಿಕೆ ಕೊಡ್ವಾಗ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ. ರಾಜ್ಯಸಭೇಲಿ ಸ್ಪಷ್ಟೀಕರಣ ಕೇಳೋ ರೂಢಿ ಇದೆ, ಅದ್ಕೇ ದೊಡ್ಡ ವಿದೇಶಾಂಗ ವಿಷಯ ಬಂದಾಗ ನಾನು ರಾಜ್ಯಸಭೆ ಚಾನೆಲ್ ಹಾಕೂದು, ಅಲ್ಲಿ ಏನಾದ್ರೂ ಹೊರಗೆ ಬೀಳ್ತದೆ. ಉಕ್ರೇನ್ ಯುದ್ಧದ ಹೊತ್ತಿಗೆ, 2022ರ ಮಾರ್ಚ್ 15ಕ್ಕೆ, 22,500 ಜನರನ್ನ ಕರ್ಕೊಂಡು ಬಂದೆವು ಅಂತ ಎರಡೂ ಸದನದಲ್ಲಿ ಹೇಳಿಕೆ ಆಯ್ತು. ಒಳ್ಳೆ ಕೆಲ್ಸ, ಎರಡು ಮಾತಿಲ್ಲ. ಆದ್ರೆ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಮೆಡಿಕಲ್ ಹುಡುಗ ಖಾರ್ಕೀವ್‌ನಲ್ಲಿ ಮಾರ್ಚ್ 1ಕ್ಕೆ ಶೆಲ್ ದಾಳೀಲಿ ಸತ್ತಿದ್ದ, ಎಚ್ಚರಿಕೆ ಯಾವ ದಿನ ಕೊಟ್ರಿ, ಊರು ಬಿಡಿ ಅಂತ ಖಡಕ್ಕಾಗಿ ಯಾವಾಗ ಹೇಳಿದ್ರಿ, ಇಂಥ ತಾರೀಕಿನ ಪ್ರಶ್ನೆಗಳಿಗೆ ಹೇಳಿಕೆ ಸಾಕಾಗೂದಿಲ್ಲ, ಕೂತು ಬರೆದ ಪ್ರಶ್ನೆಯೇ ಬೇಕು.

ಮೊಸೂಲ್ ವಿಷಯ ನೆನಪಿದ್ಯಾ. 2014ರ ಜೂನ್‌ನಲ್ಲಿ ಇರಾಕಿನ ಮೊಸೂಲ್‌ನಲ್ಲಿ 39 ಭಾರತೀಯ ಕಾರ್ಮಿಕರು ಕಾಣೆಯಾದ್ರು, ನಾಲ್ಕು ವರ್ಷದ ಹತ್ತಿರ ಸದನದಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ ಬಂತು, ಬದುಕಿದ್ದಾರಾ ಇಲ್ವಾ. ಆಗಿನ ವಿದೇಶಾಂಗ ಮಂತ್ರಿ ಸುಷ್ಮಾ ಸ್ವರಾಜ್ ಹೇಳಿದ್ದು, ಗಟ್ಟಿ ಸಾಕ್ಷಿ ಇಲ್ಲದೆ ಸತ್ತಿದ್ದಾರೆ ಅಂತ ಹೇಳೂದು ಪಾಪ, ನಾನು ಹೇಳೂದಿಲ್ಲ ಅಂತ. ಕೊನೆಗೆ 2018ರ ಮಾರ್ಚ್ 20ಕ್ಕೆ, ಡಿಎನ್‌ಎ ಹೊಂದಿಕೆ ಆದ್ಮೇಲೆ, ರಾಜ್ಯಸಭೇಲಿ ಎದ್ದು 39 ಜನರೂ ತೀರಿಕೊಂಡಿದ್ದಾರೆ ಅಂದ್ರು. ಪಂಜಾಬದ ಮನೆಗಳಲ್ಲಿ ಹೆಂಡ್ತಿ ಮಕ್ಕಳು ಅದನ್ನ ಟೀವೀಲಿ ನೋಡಿ ತಿಳ್ಕೊಂಡ್ರು. ಮೊದಲು ಮನೆಯವ್ರಿಗೆ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ದಕ್ಕೆ ಅಧಿವೇಶನ ನಡೀವಾಗ ಸದನಕ್ಕೇ ಮೊದಲು ತಿಳಿಸೋದು ನನ್ನ ಕರ್ತವ್ಯ ಅಂತ ಅವ್ರ ಸಮರ್ಥನೆ.

ನಾನು ಇದ್ರ ಬಗ್ಗೆ ಎಷ್ಟೋ ಸಲ ವಾದ ಮಾಡಿದ್ದೇನೆ. ನನ್ನ ಭಾವ ನೌಕಾನೆಲೇಲಿ ಸಿವಿಲಿಯನ್ ಕೆಲ್ಸದಲ್ಲಿದ್ದವ್ರು, ಅವ್ರ ಪ್ರಕಾರ ಮಂತ್ರಿ ಮಾಡಿದ್ದು ಸರಿ, ನಿಯಮ ಅಂದ್ರೆ ನಿಯಮ. "ಅಲ್ಲ ಭಾವ, ಹತ್ತು ನಿಮಿಷ ಮುಂಚೆ ಮೂವತ್ತೊಂಬತ್ತು ಫೋನ್ ಮಾಡಿದ್ರೆ ಯಾವ ನಿಯಮ ಮುರೀತದೆ?" ಅಂದ್ರೆ, "ಹತ್ತು ನಿಮಿಷ ಮುಂಚೆ ಹೇಳಿದ್ರೆ ಐದು ನಿಮಿಷಕ್ಕೆ ಟೀವೀಲಿ ಬರ್ತದೆ, ಮತ್ತೆ ಸದನದಲ್ಲಿ ನಮಗ್ಯಾಕೆ ಹೇಳ್ಲಿಲ್ಲ ಅಂತ ಅದಕ್ಕೂ ಗಲಾಟೆ" ಅಂತಾರೆ. ಅವ್ರ ಮಾತಿನಲ್ಲೂ ಹುರುಳಿದೆ, ಆದ್ರೆ ನಂಗೆ ಈಗ್ಲೂ ಒಪ್ಪಿಗೆ ಇಲ್ಲ. ಸದನದ ಗೌರವ ದೊಡ್ಡದೇ, ಆ ಮನೆಯ ಹೆಂಗಸಿನ ಗೌರವ ಅದಕ್ಕಿಂತ ಸಣ್ಣದು ಅಂತ ಯಾವ ನಿಯಮ ಪುಸ್ತಕದಲ್ಲೂ ಬರ್ದಿಲ್ಲ. ಅದೇ ಸುಷ್ಮಾ ಸ್ವರಾಜ್ ಟ್ವಿಟರಿನಲ್ಲಿ ಯಾರೋ ಪಾಸ್‌ಪೋರ್ಟ್ ಕಳ್ಕೊಂಡೆ ಅಂತ ಬರೆದ್ರೂ ತಕ್ಷಣ ಉತ್ತರ ಕೊಡೋರು, ಆ ಕಾಲದಲ್ಲಿ ನನ್ನ ಅಂಗಡೀಲಿ ಟ್ವಿಟರ್ ಖಾತೆ ತೆಗೆಸ್ಕೊಂಡವ್ರೇ ಸುಮಾರು ಜನ, ಟ್ವೀಟ್ ಹಾಕ್ಲಿಕ್ಕೆ ನಂಗೇ ಹೇಳೋರು. ಅವ್ರು 1999ರಲ್ಲಿ ಬಳ್ಳಾರೀಲಿ ನಿಂತಾಗ ಕನ್ನಡ ಕಲ್ತು ಭಾಷಣ ಮಾಡಿದ್ರು, ಹಾಗಾಗಿ ಕನ್ನಡದಲ್ಲೇ ಟ್ವೀಟ್ ಮಾಡು ತಮಾ, ಅವ್ರಿಗೆ ಅರ್ಥ ಆಗ್ತದೆ ಅಂತ ಒಬ್ರು ಅಜ್ಜ ಹಠ ಹಿಡಿದಿದ್ರು. ಅವೆಲ್ಲ ಒಳ್ಳೇದೇ, ಆದ್ರೆ ಟ್ವೀಟ್ ಯಾರ ಕಣ್ಣಿಗೆ ಬಿತ್ತು ಅನ್ನೋದ್ರ ಮೇಲೆ ನಿಂತಿರ್ತದೆ, ಬೀಳದಿದ್ದವ್ರ ಲೆಕ್ಕ ಎಲ್ಲೂ ಇರೂದಿಲ್ಲ.

ಕನ್ನಡದ ವಿದೇಶಾಂಗ ಮಂತ್ರಿ ಅಂದ್ರೆ ಎಸ್.ಎಂ. ಕೃಷ್ಣ, 2009ರಿಂದ 2012. 2011ರಲ್ಲಿ ವಿಶ್ವಸಂಸ್ಥೇಲಿ ಅವ್ರು ತಮ್ಮ ಭಾಷಣದ ಬದಲು ಪೋರ್ಚುಗಲ್ ಮಂತ್ರಿಯ ಭಾಷಣ ಓದ್ಲಿಕ್ಕೆ ಶುರುಮಾಡಿ, ಸ್ವಲ್ಪ ಹೊತ್ತಾದ್ಮೇಲೆ ನಮ್ಮ ಅಧಿಕಾರಿಗಳು ಬಂದು ಎಚ್ಚರಿಸಿದ್ರಲ್ಲ, ಆವಾಗ ಇಡೀ ದೇಶ ನಕ್ಕಿತ್ತು. ಕಾರವಾರದಲ್ಲಿ ಕೂತು ಪೋರ್ಚುಗೀಸರನ್ನ ಅಷ್ಟು ಹಗುರಕ್ಕೆ ತಗೊಳ್ಳಿಕ್ಕೆ ಆಗೂದಿಲ್ಲ ಬಿಡಿ. ಇಲ್ಲಿಯ ಅರ್ಗಾ ಬಿಣಗಾ ಎದುರಿಗೆ ಕಾಣೋ ಅಂಜದೀವ್ ದ್ವೀಪ 1961ರ ಡಿಸೆಂಬರ್ ತನಕ ಅವ್ರದ್ದೇ. ಆ ನವೆಂಬರಿನಲ್ಲಿ ಅಲ್ಲಿಂದ ಸಬರಮತಿ ಅನ್ನೋ ನಮ್ಮ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ರು, ವಾರ ಕಳೆದು ಮೀನು ಹಿಡಿಯೋ ದೋಣಿ ಮೇಲೂ ಹಾರಿಸಿ ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ಕ್ಕೆ ನೌಕಾಪಡೆ ಅಂಜದೀವ್‌ಗೆ ಇಳೀತು, ಏಳು ಜನ ನಾವಿಕರು ಅಲ್ಲಿ ಪ್ರಾಣ ಕೊಟ್ರು. ವಿದೇಶಾಂಗ ಖಾತೆ ಆಗ ನೆಹರೂ ಕೈಲೇ ಇತ್ತು, 1947ರಿಂದ ತೀರಿಹೋಗೋ ತನಕ ಅವ್ರೇ ಆ ಪ್ರಶ್ನೆಗಳಿಗೂ ಉತ್ತರ ಹೇಳೋರು. ಕಾರವಾರದ ಮೀನುಗಾರನಿಗೆ ಪರದೇಶ ಅಂದ್ರೆ ಹುಟ್ಟು ಹಾಕ್ಕೊಂಡು ಹೋಗಿ ಮುಟ್ಟೋ ಅಷ್ಟು ಹತ್ತಿರ ಇದ್ದ ಕಾಲ ಅದು. ಈಗ ಅದೇ ದ್ವೀಪಕ್ಕೆ ನೌಕಾನೆಲೆಯ ಬ್ರೇಕ್‌ವಾಟರ್ ಕಟ್ಟಿ ದಡಕ್ಕೆ ಸೇರಿಸಿದ್ದಾರೆ.

ವಿಷಯಕ್ಕೆ ಬರ್ತೇನೆ. ವಿದೇಶಾಂಗ ಸಚಿವಾಲಯಕ್ಕೆ ಜನರ ಹತ್ರ ಹೋಗ್ಬೇಕು ಅನ್ನೋ ಉಮೇದು ಇಲ್ಲ ಅಂತ ನಾನು ಹೇಳೂದಿಲ್ಲ. 2006ರಲ್ಲೇ ಸಾರ್ವಜನಿಕ ರಾಜತಾಂತ್ರಿಕತೆ ಅಂತ ಒಂದು ವಿಭಾಗ ಶುರುಮಾಡಿದ್ರು, ನಿವೃತ್ತ ರಾಯಭಾರಿಗಳು ಯೂನಿವರ್ಸಿಟಿಗಳಿಗೆ ಹೋಗಿ ಉಪನ್ಯಾಸ ಕೊಡ್ತಾರೆ, ಸಮೀಪ್ ಅನ್ನೋ ಕಾರ್ಯಕ್ರಮದಲ್ಲಿ ಅಧಿಕಾರಿಗಳು ತಾವು ಓದಿದ ಶಾಲೆ ಕಾಲೇಜಿಗೆ ಹೋಗಿ ಮಕ್ಕಳಿಗೆ ವಿದೇಶಾಂಗ ನೀತಿ ಅಂದ್ರೆ ಎಂತ ಅಂತ ಹೇಳ್ತಾರೆ, ವಾರ ವಾರ ವಕ್ತಾರರ ಪತ್ರಿಕಾಗೋಷ್ಠಿ ಯೂಟ್ಯೂಬಿನಲ್ಲಿ ಬರ್ತದೆ. ಎಲ್ಲ ಚೆಂದ. ಆದ್ರೆ ಅದ್ರಲ್ಲಿ ಮಾತಾಡೋದು ಅವ್ರು, ಕೇಳೋದು ನಾವು. ಬೈತಖೋಲ್ ಬಂದರದಲ್ಲಿ ಬಲೆ ಹೆಣೀತಾ ಕೂತವ್ನಿಗೆ ಜಿ-20 ಅಧ್ಯಕ್ಷತೆಯ ಮಹತ್ವ ಗೊತ್ತಾದ್ರೆ ಬೇಡ ಅಂತಿಲ್ಲ, ಅವ್ನಿಗೆ ಬೇಕಾದ್ದು ಬೇರೆ. ಏಜೆಂಟ್ ಎಷ್ಟು ದುಡ್ಡು ತಗೋಬಹುದು? ಕಾನೂನು ಪ್ರಕಾರ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಮ್ಮ ಬದಿ ಒಂದು ಲಕ್ಷ ಒಂದೂವರೆ ಲಕ್ಷ ಕೊಟ್ಟು ಹೋದವ್ರು ಬೇಕಾದಷ್ಟು ಜನ, 30,000 ಅಂತ ಹೇಳಿದ್ರೆ ನನ್ನ ಮುಖಾನೇ ಸಂಶಯದಿಂದ ನೋಡ್ತಾರೆ. ಹತ್ತನೇ ಕ್ಲಾಸ್ ಪಾಸಾಗದವ್ರು ಗಲ್ಫ್ ಸೇರಿ 18 ದೇಶಕ್ಕೆ ಕೆಲ್ಸಕ್ಕೆ ಹೋಗ್ಬೇಕಾದ್ರೆ ಇಮೈಗ್ರೇಟ್ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ಕ್ಲಿಯರೆನ್ಸ್ ಬೇಕು, ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ, ಎರಡು ವರ್ಷಕ್ಕೆ 275 ರೂಪಾಯಿ, ಹತ್ತು ಲಕ್ಷದ ವಿಮೆ. 275 ರೂಪಾಯಿ! ವಿಸಿಟ್ ವೀಸಾದಲ್ಲಿ ಕಳ್ಸಿದ್ರೆ ಇದ್ಯಾವುದೂ ಇಲ್ಲ, ಏನಾದ್ರೂ ಆದ್ರೆ ಅವ ಕೆಲ್ಸಕ್ಕೆ ಹೋದವ ಅನ್ನೋದಕ್ಕೇ ದಾಖಲೆ ಇಲ್ಲ.

ಹೊನ್ನಾವರ ಬದಿಯಿಂದ ಒಬ್ರು ಅಕ್ಕ ಬಂದಿದ್ರು, ಮಗ ಹಾಗೇ ವಿಸಿಟ್ ವೀಸಾದಲ್ಲಿ ಹೋದವ, ಬೋಟಿನ ಕೆಲ್ಸ, ಪಾಸ್‌ಪೋರ್ಟ್ ಮಾಲೀಕನ ಹತ್ರ, ಸಂಬಳ ನಿಂತು ಹೋಗಿದೆ. ವಿದೇಶಾಂಗ ಸಚಿವಾಲಯದ ಮದದ್ ಅನ್ನೋ ದೂರಿನ ಪೋರ್ಟಲಿನಲ್ಲಿ ದೂರು ಹಾಕಿದೆವು, ಅದು 2015ರಿಂದ ಇದೆ, ದೂರು ಎಲ್ಲಿ ತನಕ ಹೋಯ್ತು ಅಂತ ನೋಡ್ಬಹುದು. ಅಕ್ಕ ಕೇಳಿದ್ರು, "ತಮಾ, ಇದ್ನ ಯಾರು ಓದ್ತಾರೆ?" ರಾಯಭಾರ ಕಚೇರಿಯವ್ರು ಅಕ್ಕ ಅಂದೆ. "ಅವ್ರು ಓದಿದ್ರೋ ಇಲ್ವೋ ಅಂತ ಯಾರು ಕೇಳ್ತಾರೆ?" ಅದಕ್ಕೆ ನನ್ನ ಹತ್ರ ಇದ್ದ ಉತ್ತರ ಒಂದೇ, ಎಂಪಿ ಕೇಳ್ಬೇಕು. ಮಗನ ಹೆಸ್ರು ಹೇಳಿ ಕೇಳೋದಕ್ಕೆ ಪ್ರಶ್ನೋತ್ತರ ಸರಿಯಾದ ಜಾಗ ಅಲ್ಲ, ಅದ್ಕೆ ಪತ್ರ ಬರೀಬೇಕು. ಆದ್ರೆ ಅವ್ನಂಥವ್ರು ಎಷ್ಟು ಜನ, ಎಷ್ಟು ದೂರು ಎಷ್ಟು ದಿನಕ್ಕೆ ಮುಗೀತು, ಇದನ್ನ ಕೇಳಿದ್ರೆ ಇಡೀ ವ್ಯವಸ್ಥೆ ಲೆಕ್ಕ ಕೊಡ್ಬೇಕಾಗ್ತದೆ. ಆಮೇಲೆ ಆ ಉತ್ತರ ಇಂಗ್ಲಿಷು ಹಿಂದೀಲಿ ಬರ್ತದೆ ಅನ್ನೋದು ಇನ್ನೊಂದು ಕತೆ, ಅಕ್ಕಂಗೆ ಎರಡೂ ಬರೂದಿಲ್ಲ, ಯಾರೋ ನನ್ನಂಥವ್ರು ಓದಿ ಹೇಳ್ಬೇಕು. ಸದನದೊಳಗೆ ಈಗ ಕನ್ನಡಕ್ಕೂ ಭಾಷಾಂತರ ಮಾಡಿ ಕಿವಿಗೆ ಕೇಳಿಸ್ತಾರೆ, ಬರೆದ ಉತ್ತರಕ್ಕೆ ಆ ಭಾಗ್ಯ ಇನ್ನೂ ಬಂದಿಲ್ಲ.

ಪ್ರಶ್ನೆ ಬರೆಯೋದ್ರಲ್ಲೇ ಎಲ್ಲ ಇದೆ ಅಂತ ನಂಗೆ ಅನ್ಸೂದು ಇದ್ಕೇ. "ಪರದೇಶದಲ್ಲಿರುವ ಮೀನುಗಾರರ ಸಂಕಷ್ಟ ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದರೆ ಕೈಗೊಂಡ ಕ್ರಮಗಳೇನು" ಅಂತ ಕೇಳಿದ್ರೆ "ಬಂದಿದೆ, ಕ್ರಮ ಕೈಗೊಳ್ಳಲಾಗಿದೆ" ಅಂತ ಬರ್ತದೆ, ಇನ್ನೇನು ಬರ್ಬೇಕು? ಎಷ್ಟು, ಯಾವ ತಾರೀಕು, ಯಾವ ದೇಶ, ಯಾವ ಕಚೇರಿ ಅಂತ ಕೇಳಿದ್ರೆ ತಪ್ಪಿಸ್ಕೊಳ್ಳೋ ದಾರಿ ಕಮ್ಮಿ. ನಿಯಮದಲ್ಲಿ ಪ್ರಶ್ನೆ 150 ಶಬ್ದ ಮೀರ್ಬಾರ್ದು, ವಾದ ಮಾಡ್ಬಾರ್ದು, ಸ್ನೇಹದ ದೇಶದ ಬಗ್ಗೆ ಅಗೌರವದ ಮಾತು ಇರ್ಬಾರ್ದು. ಕಡೇದ್ದು ನೆನಪಿಡಿ, "ಆ ದೇಶದ ಕ್ರೂರ ಪೊಲೀಸರು" ಅಂತ ಬರೆದ್ರೆ ಪ್ರಶ್ನೆ ಒಳಗೇ ಹೋಗೂದಿಲ್ಲ. ಇನ್ನು ವಿಷಯ ಯಾವ ಸಚಿವಾಲಯದ್ದು ಅಂತ ನೋಡ್ಕೊಳ್ಬೇಕು. ಹಡಗಿನ ಸಿಬ್ಬಂದಿಯ ಸಂಬಳ, ಸರ್ಟಿಫಿಕೇಟು ಶಿಪ್ಪಿಂಗ್‌ನವ್ರಿಗೆ, ಮೀನುಗಾರಿಕೆ ಬೇರೆ ಸಚಿವಾಲಯಕ್ಕೆ, ಪರದೇಶದವ್ರು ಹಿಡಿದಿಟ್ರೆ ಮಾತ್ರ ವಿದೇಶಾಂಗಕ್ಕೆ. ತಪ್ಪು ಮನೆಗೆ ಹೋದ ಪ್ರಶ್ನೆ ವರ್ಗ ಆಗ್ತಾ ಆಗ್ತಾ ದಿನ ಕಳೀತದೆ.

ನಮ್ಮ ಈಗಿನ ಎಂಪಿ ವಿಶ್ವೇಶ್ವರ ಹೆಗಡೆ ಕಾಗೇರಿಯವ್ರು 2019ರಿಂದ 2023ರ ತನಕ ವಿಧಾನಸಭೆ ಸ್ಪೀಕರ್ ಆಗಿದ್ದವ್ರು. ಮೇಲೆ ಕೂತು ಎಷ್ಟು ಮಂತ್ರಿಗಳು ಹೇಗೆಲ್ಲ ಜಾರ್ಕೊಳ್ತಾರೆ ಅಂತ ನೋಡಿದ್ದಾರೆ, ಪ್ರಶ್ನೆಯ ವ್ಯಾಕರಣ ಅವ್ರಿಗೆ ನಾವು ಹೇಳ್ಕೊಡೋ ಅಗತ್ಯ ಇಲ್ಲ. ಆದ್ರೆ ಬೋಟಿನ ಹುಡುಗನ ಪಾಸ್‌ಪೋರ್ಟ್ ಯಾರ ಕಿಸೇಲಿದೆ ಅನ್ನೋದು ಸಿರ್ಸಿಗೂ ದೆಹಲಿಗೂ ತಾನಾಗಿ ಹೋಗಿ ಮುಟ್ಟೂದಿಲ್ಲ, ಕರಾವಳಿಯವ್ರೇ ಮುಟ್ಟಿಸ್ಬೇಕು. ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31, ಬೋಟೆಲ್ಲ ಮೇಲೆ, ಜನ ಮನೇಲಿ, ಮಳೆಗಾಲದ ಅಧಿವೇಶನ ಶುರುವಾಗೂದು ಸಾಮಾನ್ಯವಾಗಿ ಜುಲೈನಲ್ಲೇ. ಇದಕ್ಕಿಂತ ಒಳ್ಳೆ ಹೊತ್ತು ಯಾವ್ದಿದೆ.

ಹಾಗಾಗಿ ನಾನೇ ಒಂದು ಕರಡು ಟೈಪ್ ಮಾಡಿಟ್ಟಿದ್ದೇನೆ, ಬೇಕಾದವ್ರು ತಗೊಳ್ಳಿ, ತಿದ್ದಿ, ಸೇರಿಸಿ:

ವಿದೇಶಾಂಗ ವ್ಯವಹಾರಗಳ ಸಚಿವರು ದಯವಿಟ್ಟು ತಿಳಿಸುವರೇ,

ಅ) 2018ರಿಂದ ಈವರೆಗೆ, ಗಲ್ಫ್ ದೇಶಗಳ ಮೀನುಗಾರಿಕಾ ಬೋಟುಗಳಲ್ಲಿ ಕೆಲಸಕ್ಕಿದ್ದು ಮತ್ತೊಂದು ದೇಶದ ಕರಾವಳಿ ಪಡೆಯಿಂದ ಬಂಧನಕ್ಕೊಳಗಾದ ಭಾರತೀಯರ ಸಂಖ್ಯೆ, ವರ್ಷವಾರು ಮತ್ತು ದೇಶವಾರು;

ಆ) ಇವರಲ್ಲಿ ಎಷ್ಟು ಜನರನ್ನು ನಮ್ಮ ಕಾನ್ಸುಲರ್ ಅಧಿಕಾರಿಗಳು ಭೇಟಿಯಾದರು, ಬಂಧನವಾಗಿ ಎಷ್ಟು ದಿನಕ್ಕೆ;

ಇ) ಇದೇ ಅವಧಿಯಲ್ಲಿ ಕರ್ನಾಟಕದ ವಿಳಾಸದಿಂದ ಮದದ್‌ನಲ್ಲಿ ದಾಖಲಾದ ದೂರುಗಳೆಷ್ಟು, ಅವುಗಳಲ್ಲಿ ಸಂಬಳ ಬಾಕಿ ಮತ್ತು ಪಾಸ್‌ಪೋರ್ಟ್ ತಡೆಹಿಡಿದ ದೂರುಗಳೆಷ್ಟು, ಇತ್ಯರ್ಥವಾಗದೆ ಆರು ತಿಂಗಳು ಮೀರಿದವೆಷ್ಟು;

ಈ) ಕರ್ನಾಟಕದ ಕರಾವಳಿ ಜಿಲ್ಲೆಗಳಲ್ಲಿ ವಲಸೆ ಕಾನೂನಿನ ಬಗ್ಗೆ ಕನ್ನಡದಲ್ಲಿ ನಡೆಸಿದ ಮಾಹಿತಿ ಶಿಬಿರಗಳು ಯಾವ ದಿನ, ಯಾವ ಊರಿನಲ್ಲಿ?

ನೂರೈವತ್ತು ಶಬ್ದದೊಳಗೇ ಇದೆ. "ಅ ಇಂದ ಈ ವರೆಗೆ" ಅಂತ ಒಟ್ಟು ಸೇರಿಸಿ ಉತ್ತರ ಕೊಟ್ರೂ ಎಷ್ಟು ಅಂತ ಕೇಳಿದ್ದಕ್ಕೆ ನಂಬರ್ ಬರ್ದೇ ಆಗ್ಬೇಕು, ಅಥವಾ ಸಂಗ್ರಹಿಸ್ತಿದ್ದೇವೆ ಅನ್ಬೇಕು, ಹಾಗಂದ್ರೆ ಭರವಸೆಗಳ ಸಮಿತಿ ಇದೆ. ನಕ್ಷತ್ರದ ಗುರ್ತಿನ ಪ್ರಶ್ನೆಯೇ ಆಗ್ಲಿ ಅಂತ ಹಠ ಬೇಡ, ಒಬ್ಬ ಸದಸ್ಯರ ಹೆಸ್ರಿನಲ್ಲಿ ದಿನಕ್ಕೆ ಅದು ಒಂದೇ, ಗುರ್ತಿಲ್ಲದ್ದರಲ್ಲಿ ಬಂದ್ರೂ ಸಾಕು. ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಇದೇ ಥರ ಸಂಗತಿ ಗೊತ್ತಿದ್ದವ್ರು ಏಜೆಂಟ್ ತಗೊಂಡ ದುಡ್ಡಿನ ರಸೀದಿ, ವೀಸಾದ ನಕಲು ಇದ್ರೆ ಇಟ್ಕೊಂಡಿರಿ, ಹೆಸ್ರು ಎಲ್ಲೂ ಹಾಕೂದು ಬೇಡ. ಬರೋ ಸೋಮವಾರ ಸಿರ್ಸಿಗೆ ಹೋಗುವವ್ರು ಇಬ್ರು ಸಿಕ್ಕಿದ್ದಾರೆ, ಅವ್ರ ಕೈಲಿ ಎರಡು ಪ್ರತಿ ಕಳಿಸ್ತೇನೆ, ಒಂದಕ್ಕೆ ಎಂಪಿ ಆಫೀಸಿನ ಸೀಲು ಹಾಕಿಸ್ಕೊಂಡು ಬನ್ನಿ ಅಂತ ಹೇಳಿದ್ದೇನೆ.